ನಾನೂರು ಕಿಲೋಮೀಟರು ದೂರದ ಕೈ

ಚಹಾದ ಕಪ್ಪು ಎತ್ತಿಕೊಳ್ಳಲೆಂದು ಖಂಡಪ್ಪ ಕೈ ಚಾಚಿದ. ಕೈ ತುಸು ತಡವಾಗಿ ಹೋಯಿತು. ಎತ್ತಬೇಕು ಅಂದುಕೊಂಡದ್ದಕ್ಕೂ ಬೆರಳು ಕಪ್ಪಿನ ಕಿವಿಯನ್ನು ಮುಟ್ಟಿದ್ದಕ್ಕೂ ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು ಖಾಲಿ ಬಿತ್ತು. ಆ ಖಾಲಿಯಲ್ಲಿ ಅವನು ತನ್ನ ಕೈಯನ್ನು, ರಸ್ತೆಯಲ್ಲಿ ಹೋಗುವ ಯಾರನ್ನೋ ನೋಡಿದ ಹಾಗೆ ನೋಡಿದ. ಎರಡು ವರ್ಷದಿಂದ ಹೀಗೆ. ದಿನಕ್ಕೆ ಎಂಟು ತಾಸು ಕುರ್ಲಾದ ಒಂದು ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ, ಎಸಿಯ ಥಂಡಿಯಲ್ಲಿ ಕೂತು, ಬಲಗೈಗೆ ಸ್ಪ್ರಿಂಗು ಪಟ್ಟಿಗಳ ಕರಿ ಕೈಗವಸು ತೊಟ್ಟು, ಎದುರಿನ ಪರದೆಯನ್ನು ನೋಡುತ್ತ ಅವನು ಒಂದು ಕಬ್ಬಿಣದ ತೋಳನ್ನು ಆಡಿಸುತ್ತಿದ್ದ. ತೋಳು ಇದ್ದದ್ದು ಅಲ್ಲಲ್ಲ. ಸೊಲ್ಲಾಪುರದ ಆಚೆ, ನಾನೂರು ಕಿಲೋಮೀಟರು ದೂರದ ಎರಕದ ಕಾರ್ಖಾನೆಯಲ್ಲಿ. ಇಲ್ಲಿ ಇವನು ಮುಷ್ಟಿ ಕಟ್ಟಿದರೆ ಅಲ್ಲಿ ಇಕ್ಕಳ ಕಚ್ಚುತ್ತಿತ್ತು, ಇಲ್ಲಿ ಬೆರಳು ಬಿಚ್ಚಿದರೆ ಅಲ್ಲಿ ಇಕ್ಕಳ ಬಾಯಿ ತೆರೆಯುತ್ತಿತ್ತು. ನಡುವೆ ತಂತಿ ಇರಲಿಲ್ಲ. ಟವರಿನಿಂದ ಟವರಿಗೆ ಹಾರಿಕೊಂಡು ಇವನ ಮುಷ್ಟಿ ಘಾಟು ಹತ್ತಿ, ಭೀಮಾ ನದಿ ದಾಟಿ ಹೋಗುತ್ತಿತ್ತು. ಊರು ಕಂಡು ಆರು ವರ್ಷವಾದ ಖಂಡಪ್ಪನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು, ತಾನು ಹೋಗದಿದ್ದರೇನು, ಕೈಯಾದರೂ ದಿನಾ ಊರಿನ ದಾರಿ ಹಿಡಿದು ಮುಕ್ಕಾಲು ದೂರ ಹೋಗಿ ಸಂಜೆಗೆ ತಿರುಗಿ ಬರುತ್ತದೆ ಎಂದು. ಒಂಬತ್ತು ದಿನದಿಂದ ಅದು ತಿರುಗಿ ಬಂದಂತಿರಲಿಲ್ಲ.

"ಇವತ್ತರೆ ದವಾಖಾನಿಗಿ ಹೋಗ್ತೀರಿಲ್ಲ?" ಎಂದಳು ಮಹಾದೇವಿ. ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಬೆನ್ನು ಮಾತ್ರ ಕಾಣುತ್ತಿತ್ತು.

"ಹೋಗ್ತೀನಿ. ಅಲ್ಲಿಂದ ಫೋರ್ಟಿಗಿ ಹೋಗಬೇಕು. ನಾಕಕ್ಕ ಬಾ ಅಂದಾರ ಆಫೀಸಿನ್ಯಾಗ."

"ಒಂಬತ್ತ ದಿನಾ ಆತು. ಗಾಯ್ಕರ್ ಅಣ್ಣಾರ ಮನಿಯಾಕಿ ಏನ್ ತಿಳ್ಕೊಂಡಿರಬೇಕು."

"ಏನರೆ ತಿಳ್ಕೊಳ್ಳವಲ್ಲಳ್ಯಾಕ. ನಂದೇನ್ ತಪ್ಪದ? ಬಿಡು ಅಂದಾಂವ ಅಂವಾ, ಬಿಟ್ಟಾಂವ ನಾ. ಬುಡಕ ಕಾಲ ಇಟ್ಕೊಂಡು ಬಿಡು ಅಂತ ಯಾಂವರೆ ಅಂತಾನೇನು?"

ರೊಟ್ಟಿಯ ಸಪ್ಪಳ ನಿಂತಿತು. "ಅಲ್ರೀ, ಗಾಯ್ಕರ್ ಅಣ್ಣಾರಿಗಿ ಕನ್ನಡಾ ಯಾವಾಗ ಬಂತು?"

"ಇಪ್ಪತ್ತೆರಡ ವರ್ಷ ನನ್ನ ಸಂಗಾಟ ಅದಾನ. ಒಂದ ಶಬ್ದ ಬರಬಾರದೇನು?"

"ನಂಗೊತ್ತಿಲ್ಲವ್ವಾ. ನಮ್ಮನಿಗಿ ಬಂದು ಕುಂತರ ನೀರ ಬೇಕಂದ್ರೂ ಪಾಣೀ ಅಂತಾರ. ಹೊಡಿಯಂದ್ರ ತಿಳಿಯಂಗಿಲ್ಲ, ಕುಡಿಯಂದ್ರ ತಿಳಿಯಂಗಿಲ್ಲ. ಅವತ್ತ ಒಂದಿನಾ ಮಾತ್ರ…"

ಖಂಡಪ್ಪ ತಾಟು ತಳ್ಳಿದ. ರೊಟ್ಟಿ ಜಾರಿ ನೆಲಕ್ಕೆ ಬಿತ್ತು. ಬಾಯಿ ಮುಚ್ಚಲೇ ಅಂದ. ಅವಳು ಆಗಲೇ ಮುಚ್ಚಿದ್ದಳು. ನೆಲದ ರೊಟ್ಟಿಯನ್ನು ಎತ್ತಿ, ಸೆರಗಿನಿಂದ ಒರೆಸಿ ತನ್ನ ಪಾಲಿಗೆ ಇಟ್ಟುಕೊಂಡಳು. ಅದನ್ನು ಅವನು ಚಪ್ಪಲಿ ಮೆಟ್ಟುತ್ತ ಕಡೆಗಣ್ಣಿನಿಂದ ನೋಡಿದ, ನೋಡಿಲ್ಲದವನಂತೆ ಹೊರಬಿದ್ದ. ಸಿಟ್ಟು ಬಂದ ದಿನವೆಲ್ಲ ಹೀಗೇ ಆಗುತ್ತಿತ್ತು. ಸಿಟ್ಟು ಮೊದಲು ಬಂದು ಬಿಡುತ್ತಿತ್ತು, ಅದು ಯಾಕೆ ಬಂತು ಎಂಬುದು ಹಿಂದಿನ ಗಾಡಿಗೆ ಬರುತ್ತಿತ್ತು.

ಚಾಳಿನ ಮೆಟ್ಟಿಲು ಇಳಿದು, ನೀರಿನ ಡ್ರಮ್ಮುಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಸ್ಟೇಷನ್ ಕಡೆ ನಡೆಯುತ್ತಿದ್ದಾಗಲೂ ಅವನು ಒಳಗೇ ಹೆಂಡತಿಗೆ ಉತ್ತರ ಕೊಡುತ್ತಿದ್ದ. ನನ್ನ ಕಿವಿ ನನಗೆ ಗೊತ್ತಿಲ್ಲೇನು. ಆ ದಿನ ಹನ್ನೊಂದರ ಚಹಾ ಆಗಿತ್ತು. ಪರದೆಯಲ್ಲಿ ಕಾರ್ಖಾನೆಯ ನೆಲ ಕೆರೆಯ ತಳದಂತೆ ಬೂದುಬೂದಾಗಿ ಕಾಣುತ್ತಿತ್ತು, ತೋಳು ಅದರೊಳಗೆ ನಿಧಾನ ಈಜಿಕೊಂಡು ಹೋಗಿ ಒಂದು ಎರಕದ ತುಂಡನ್ನು ಕಚ್ಚಿ ಎತ್ತಿತ್ತು. ಪಂಪಿನ ಹೊಟ್ಟೆಯಂಥ ತುಂಡು, ಇಬ್ಬರು ಗಟ್ಟಿಯಾಳು ಎತ್ತುವಂಥದು. ಇವನ ಕೈಗೆ ಮಾತ್ರ ಅದರ ಭಾರವಿರಲಿಲ್ಲ. ಕೈಗವಸು ಎಲ್ಲವನ್ನೂ ಒಯ್ಯುತ್ತಿತ್ತು, ಭಾರವನ್ನು ತಿರುಗಿ ತರುತ್ತಿರಲಿಲ್ಲ. ಇಪ್ಪತ್ತು ವರ್ಷ ಕಬ್ಬಿಣ ಹೊತ್ತು ಹೆಗಲು ಹರಿದುಕೊಂಡವನಿಗೆ ಮೊದಮೊದಲು ಇದು ಸ್ವರ್ಗವೆನಿಸಿತ್ತು. ಹೂವು ಎತ್ತಿದಂತೆ ಕಬ್ಬಿಣ ಎತ್ತುವುದು. ಆ ಹೊತ್ತು ಎಸಿಯ ಗುಂಯ್ ಸದ್ದಿನಲ್ಲಿ ಅವನಿಗೆ ನಿದ್ದೆ ಬಂದಿರಲಿಲ್ಲ, ಎಚ್ಚರವೂ ಇರಲಿಲ್ಲ. ನಡುವಿನ ಒಂದು ಜಾಗದಲ್ಲಿ, ಮೈ ಇಲ್ಲದೆ ಬರೀ ಕೈಯಾಗಿ, ಅಲ್ಲಿಯ ಗಾಳಿಯಲ್ಲಿ ತೇಲುತ್ತಿದ್ದ. ಆಗ ಕಾರ್ಖಾನೆಯ ದನಿ ತರುವ ಕಿವಿಯ ಯಂತ್ರದಲ್ಲಿ, ಕಿವಿಯಲ್ಲೂ ಅಲ್ಲ, ತಲೆಯ ಒಳಗಿಂದಲೇ ಎಂಬಂತೆ ದನಿ ಬಂತು: ಬಿಡು. ಹಾಂ ಅಂದ. ಬಿಟ್ಟ. ಮೊದಲು ತುಂಡು ಬಿದ್ದದ್ದು ಕಂಡಿತು, ತುಸು ತಡೆದು ಗಾಯ್ಕರ್ ಚೀರಿದ್ದು ಕೇಳಿಸಿತು. ಆ ನಡುವಿನ ಹೊತ್ತಿನಲ್ಲಿ ಏನೂ ಆಗಿರಲೇ ಇಲ್ಲ. ಆ ಹೊತ್ತನ್ನು ಹಿಗ್ಗಿಸಿ ಹಿಗ್ಗಿಸಿ ಅದರೊಳಗೇ ಒಂಬತ್ತು ದಿನ ಕೂತಿದ್ದ ಖಂಡಪ್ಪ.

ಇಬ್ಬರೂ ಕೂಡಿ ದುಡಿದ ಕುರ್ಲಾದ ಶೆಡ್ಡು ಮುಚ್ಚಿದಾಗ ಕಂಪನಿಯವರು ಹಳಬರನ್ನು ಎರಡು ಗುಂಪು ಮಾಡಿದ್ದರು. ಕೈ ಪಳಗಿದವರು ರೂಮಿನ ಕುರ್ಚಿಗೆ, ಕಾಲು ಗಟ್ಟಿ ಇದ್ದವರು ಸೊಲ್ಲಾಪುರದ ನೆಲಕ್ಕೆ. ಗಾಯ್ಕರ್ ನೆಲಕ್ಕೆ ಹೋದ. ಹದಿನೈದು ದಿನಕ್ಕೊಮ್ಮೆ ಕುರ್ಲಾಕ್ಕೆ ಬಂದರೆ ಖಂಡಪ್ಪನ ಹೆಗಲಿಗೆ ಹೆಗಲು ಗುದ್ದಿ, ನಿನ್ನ ಕೈ ಅಲ್ಲಿ ಭಾರಿ ಸೊಕ್ಕು ಮಾಡ್ತದೆ, ನೀನು ಮಾತ್ರ ಇಲ್ಲಿ ಎಮ್ಮೆಯ ಹಾಗೆ ಕೂತಿರ್ತೀಯ, ಎಂದು ನಗುತ್ತಿದ್ದ. ತೋಳು ಆಡುವ ಜಾಗದ ಸುತ್ತ ಒಂದು ಹಳದಿ ಗೆರೆ ಇತ್ತು. ನೆಲದವನು ಕರೆಯಬೇಕು, ಕುರ್ಚಿಯವನು ಹಾಂ ಅನ್ನಬೇಕು, ಆಮೇಲೆ ಗೆರೆ ದಾಟಬೇಕು. ನಿಯಮ ಅಷ್ಟೆ. ಬಿದ್ದದ್ದು ಬಿದ್ದ ಮೇಲೆ, ರೂಮಿನ ಯಂತ್ರಗಳನ್ನು ನೋಡಿಕೊಳ್ಳುವ ಯಕ್ಷಿತಾ ಎಂಬ ಹುಡುಗಿ ಓಡಿಬಂದು ಪರದೆಯ ಮೇಲಿನ ಗೆರೆಗಳನ್ನು ನೋಡಿ, ತನ್ನ ಅರೆಬರೆ ಕನ್ನಡದಲ್ಲಿ, "ಅಂಕಲ್, ನೆಟ್ ಬರಾಬರ್ ಉಂಟು. ಮುಟ್ಠಿ ನಿಮ್ಮ ಸೈಡಿಂದಾನೇ ಓಪನ್ ಆದದ್ದು" ಅಂದಿದ್ದಳು. ನಿನ್ನ ಅಪ್ಪನ ವಯಸ್ಸಿನಾಂವ ಇದ್ದೀನಿ, ನನಗ ಹೇಳ್ತೀಯೇನು ಎಂದು ಇಡೀ ರೂಮು ತಿರುಗಿ ನೋಡುವಂತೆ ಒದರಿದ್ದ. ಅವಳು ಅವನ ಕೈಯಿಂದ ಕೈಗವಸನ್ನು ಒಂದೊಂದೇ ಬೆರಳಾಗಿ ಬಿಚ್ಚಿದಳು, ಸತ್ತವರ ಮೈಮೇಲಿನ ಒಡವೆ ಬಿಚ್ಚುವ ಹಾಗೆ. ಅವನ ಬೆರಳು ಆಗಲೂ ಹಿಡಿಯುತ್ತ ಬಿಡುತ್ತ, ಹಿಡಿಯುತ್ತ ಬಿಡುತ್ತ ಇದ್ದವು. ಅವಳು ನೋಡಿದಳು. ನೋಡಬಾರದಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಗದ್ದಲ ತುಳುಕುತ್ತಿತ್ತು. ಸ್ಲೋ ಲೋಕಲ್ ಬಂತು. ಹತ್ತಿದ ಅನ್ನುವುದಕ್ಕಿಂತ ಜನ ಅವನನ್ನು ಹತ್ತಿಸಿದರು. ಮೇಲಿನ ಹಿಡಿಯನ್ನು ಬಲಗೈಯಿಂದ ಹಿಡಿದು, ಕಣ್ಣು ಅರೆ ಮುಚ್ಚಿ ನಿಂತ. ಒಂದೇ ಸ್ಟೇಷನ್ನು. ಸಯನ್‌ನಲ್ಲಿ ಇಳಿದು ಆಸ್ಪತ್ರೆಗೆ ಹೋಗಿ ಏನೆನ್ನುವುದು? ಏನಪ್ಪಾ ಗಾಯ್ಕರ್, ನೀನೇ ಬಿಡು ಅಂದಿ, ನೆನಪದ ಇಲ್ಲ? ಎಂದು ಮೊದಲೇ ಕೇಳಿಬಿಡಬೇಕು, ಅವನ ಹೆಂಡತಿಯ ಎದುರಿಗೇ. ಗಾಡಿ ಹೊರಟಿತು. ಬಾಗಿಲ ಕಡೆಯಿಂದ ಯಾರೋ, ಮುಂದೆ ಸರಿ ಎಂದು ಬೆನ್ನ ಹಿಂದೆ ಕೂಗಿದರು:

"ಏ ಭಿಡೂ, ಜರಾ ಆಗೇ ಸರಕ್ ನಾ."

ಖಂಡಪ್ಪನ ಮುಷ್ಟಿ ಬಿಚ್ಚಿತು. ಅವನು ಬಿಚ್ಚಲಿಲ್ಲ, ಅದೇ ಬಿಚ್ಚಿತು. ಗಾಡಿ ಹಳಿ ಬದಲಿಸಿ ಜೋಲಿ ಹೊಡೆದಾಗ ಅವನು ಮುಂದೆ ನಿಂತವನ ಎದೆಯ ಮೇಲೆ ಹೋಗಿ ಬಿದ್ದ. "ಚಾಚಾ, ಪಕಡ್ ಕೇ ಖಡೇ ರಹೋ," ಎಂದು ಆತ ಅವನ ಕೈಯನ್ನು ಮಗುವಿನ ಕೈಯಂತೆ ಎತ್ತಿ ಹಿಡಿಗೆ ಸಿಕ್ಕಿಸಿದ. ಇಬ್ಬರು ಮೂವರು ನಕ್ಕರು. ನಗಲಿ. ಖಂಡಪ್ಪನಿಗೆ ನಗು ಕೇಳಿಸಲಿಲ್ಲ. ಭಿಡು. ಮುಂಬಯಿಯ ಬೀದಿಬೀದಿಯಲ್ಲಿ ಗೆಳೆಯನಿಗೆ, ಜೋಡಿದಾರನಿಗೆ ಅನ್ನುವ ಮಾತು. ಗಾಯ್ಕರನ ಬಾಯಲ್ಲಿ ಅದಿಲ್ಲದೆ ಒಂದು ವಾಕ್ಯ ಶುರುವಾಗುತ್ತಿರಲಿಲ್ಲ. ಭಿಡೂ ಚಾಯ್, ಭಿಡೂ ಚಲ್, ಭಿಡೂ ಭಾಭೀ ಕೈಸೀ ಹೈ. ಇಪ್ಪತ್ತೆರಡು ವರ್ಷ ದಿನಕ್ಕೆ ನೂರು ಸಲ ಆ ಮಾತು ಇವನ ಮೈಮೇಲೆ ಬಿದ್ದಿತ್ತು, ಒಂದು ಸಲವೂ ಕೈಯಲ್ಲಿದ್ದುದನ್ನು ಇವನು ಬಿಟ್ಟಿರಲಿಲ್ಲ. ಆಗ ಎದುರಿಗೆ ಗಾಯ್ಕರನ ಮುಖವಿತ್ತು. ಗುಟ್ಕಾದ ಹಲ್ಲು, ಕಿವಿಯಲ್ಲಿ ಸಿಕ್ಕಿಸಿದ ಬೀಡಿ ಇತ್ತು. ಮುಖ ಕಳೆದು ಬರೀ ದನಿಯಾಗಿ, ಅದೂ ಯಂತ್ರದಲ್ಲಿ ಸೋಸಿ, ಉಸಿರಿನ ಗಟ್ಟಿಯೆಲ್ಲ ಉದುರಿ ಬಂದಾಗ ಭಿಡು ಬಿಡು ಆಗಿತ್ತು.

ಸಯನ್ ಬಂತು, ಹೋಯಿತು. ಅವನು ಇಳಿಯಲಿಲ್ಲ. ಅವನು ಊರಿನ ಹೊಲದಲ್ಲಿದ್ದ. ಅಪ್ಪ ಹೊಲದ ಆ ತುದಿಗೆ, ಕಬ್ಬಿನ ಮರೆಯಲ್ಲಿ ನಿಂತು ಮಡಿ ಸರಿಮಾಡುತ್ತಿದ್ದ. ಎಂಟು ವರ್ಷದ ಖಂಡಪ್ಪ ಈ ತುದಿಗೆ, ಕಾಲುವೆಯ ಮಣ್ಣಿನ ಒಡ್ಡಿನ ಹತ್ತಿರ ಕೂತಿರುತ್ತಿದ್ದ. ಅಪ್ಪ ಕಾಣುತ್ತಿರಲಿಲ್ಲ. ಕಬ್ಬಿನ ಮೇಲೆ ಗಾಳಿ ಆಡುತ್ತಿತ್ತು, ಹಕ್ಕಿ ಏಳುತ್ತಿತ್ತು, ಹುಡುಗನಿಗೆ ಕೂತಲ್ಲೇ ಕಣ್ಣು ಎಳೆಯುತ್ತಿತ್ತು. ಆಗ ಆ ಕಡೆಯಿಂದ ಗಾಳಿಯ ಮೇಲೆ ದನಿ ಬರುತ್ತಿತ್ತು, ಬಿಡೂ… ಎರಡೂ ಕೈಯಿಂದ ಒಡ್ಡಿನ ಮಣ್ಣು ಸರಿಸಬೇಕು, ನೀರು ನುಗ್ಗಬೇಕು. ತಡವಾದರೆ ಅಪ್ಪ ಬಂದು ಕಪಾಳಕ್ಕೆ ಕೊಡುತ್ತಿದ್ದ. ಅದಕ್ಕೇ ಹುಡುಗ ಕಲಿತಿದ್ದ, ದನಿ ಕಿವಿಗೆ ಬೀಳುವ ಮೊದಲೇ ಕೈ ಬಿಚ್ಚುವುದನ್ನು. ಆರನೇ ಇಯತ್ತೆ ಪಾಸಾದ ವರ್ಷ ಅದೇ ಅಪ್ಪ ಸಾಲಿ ಬಿಡು ಅಂದ, ಬಿಟ್ಟ. ಅಣ್ಣ ಊರು ಬಿಡು ಅಂದ, ಬಿಟ್ಟ. ಶೆಡ್ಡಿನ ಮಾಲಕ ಯೂನಿಯನ್ ಬಿಡು ಅಂದಾಗ ಮೂರು ದಿನ ಹಾರಾಡಿ ಅದನ್ನೂ ಬಿಟ್ಟ. ಜಗಳಗಂಟ, ಸಿಟ್ಟಿನ ಮನುಷ್ಯ ಎಂದು ಚಾಳೆಲ್ಲ ಹೆಸರಾದವನು ಐವತ್ತಾರು ವರ್ಷದಲ್ಲಿ ಮಾಡಿದ್ದು ಇಷ್ಟೇ, ಬಿಡು ಅಂದಾಗೆಲ್ಲ ಬಿಟ್ಟದ್ದು. ಮಾಟುಂಗಾ ಬಂದಾಗ ಜನರ ಜೊತೆ ಇಳಿದು, ಬಂದ ದಾರಿಗೇ ತಿರುಗಿ ನಡೆಯತೊಡಗಿದ.

ಆಸ್ಪತ್ರೆಯ ವಾರ್ಡಿನಲ್ಲಿ ಫ್ಯಾನುಗಳು ಒಂದೇ ತಾಳಕ್ಕೆ ತಿರುಗುತ್ತಿದ್ದವು. ಸೊಲ್ಲಾಪುರದಿಂದ ಇಲ್ಲಿಗೆ ತಂದು ಹಾಕಿದ್ದ ಗಾಯ್ಕರ್ ಕಿಟಕಿಯ ಹತ್ತಿರದ ಹಾಸಿಗೆಯಲ್ಲಿದ್ದ. ಬಲಗಾಲು ಮೊಳಕಾಲಿನವರೆಗೆ ಬಿಳಿಯಾಗಿ, ಅವನದಲ್ಲದ ಸಾಮಾನಿನಂತೆ ದಿಂಬಿನ ಮೇಲೆ ಕೂತಿತ್ತು. ಅವನ ಹೆಂಡತಿ ಶೇವಂತಿ ಸ್ಟೂಲು ಬಿಟ್ಟು ಎದ್ದು, "ಯಾ ಭಾವೋಜೀ, ಬಸಾ," ಎಂದು ಅದನ್ನು ಅವನ ಕಡೆ ಸರಿಸಿದಳು. ಒಂಬತ್ತು ದಿನ ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಬಯ್ಯಬಹುದಿತ್ತು. ಚಹಾ ತರುತ್ತೇನೆಂದು ಥರ್ಮಾಸು ಹಿಡಿದು ಹೊರಗೆ ಹೋದಳು.

"ಕಾಲಿನ ಎರಡು ಬೆರಳು ಅಲ್ಲೇ ಸೊಲ್ಲಾಪುರದಲ್ಲಿ ಬಿಟ್ಟು ಬಂದೆ, ಭಿಡೂ," ಎಂದ ಗಾಯ್ಕರ್ ತನ್ನ ಹಿಂದಿಯಲ್ಲಿ. "ನಿನ್ನ ಊರಿನ ಕಡೆಯೇ. ಹೋದರೆ ಹುಡುಕಿಕೊಂಡು ಬಾ."

ಖಂಡಪ್ಪ ನಗಲಿಲ್ಲ. ಮಡಿಲಲ್ಲಿ ಬಲಗೈಯನ್ನು ಎಡಗೈಯಿಂದ ಹಿಡಿದು ಕೂತಿದ್ದ. "ಅವತ್ತು ನೀನು ಏನಂದಿ?" ಎಂದು ಕೇಳಿದ. ದನಿ ಒರಟಾಗಿ ಬಂತು.

"ಏನಂದೆ? ಟ್ರಾಲಿ ವಾಲಿತ್ತು. ನೀನು ಅದರ ಮೇಲೆ ತುಂಡು ಇಡಲಿಕ್ಕೆ ತರ್ತಾ ಇದ್ದೆ. ಭಿಡೂ, ಥಾಂಬ್ ಅಂದೆ. ನೀನು ಹಾಂ ಅಂದಿ. ಟ್ರಾಲಿ ಸರಿ ಮಾಡಲಿಕ್ಕೆ ಗೆರೆ ದಾಟಿದೆ."

ಥಾಂಬ್. ನಿಲ್ಲು. ಆ ಎರಡನೇ ಶಬ್ದ ಖಂಡಪ್ಪನ ಕಿವಿಗೆ ಬಿದ್ದಿರಲೇ ಇಲ್ಲ. ಅದು ಬರುವಷ್ಟರಲ್ಲಿ ಕೈ ಬಿಚ್ಚಿತ್ತು. ಇವನು ಬಿಡಲಿಕ್ಕೆ ಅಂದ ಹಾಂ, ಅಲ್ಲಿಗೆ ನಿಲ್ಲಲಿಕ್ಕೆ ಅಂದ ಹಾಂ ಆಗಿ ಹೋಗಿ ಮುಟ್ಟಿತ್ತು. ಅದೇ ಹಾಂ ನಂಬಿ ಗಾಯ್ಕರ್ ಕಾಲಿಟ್ಟಿದ್ದ, ಬಿಚ್ಚಿದ ಮುಷ್ಟಿ ತುಸು ತಡವಾಗಿ ಅಲ್ಲಿಗೆ ಮುಟ್ಟಿತ್ತು. ಈಗ ಹೇಳಬೇಕು ಅನ್ನಿಸಿತು, ಬಾಯಿ ತೆರೆದ.

"ನೆಟ್‌ವರ್ಕೇ ಕೈ ಕೊಟ್ಟದ್ದು," ಎಂದು ಗಾಯ್ಕರ್ ಮುಂದುವರಿಸಿದ. "ನೀನು ನಿಲ್ಲಿಸಿದ್ದೀ, ನಿಂತದ್ದು ಇಲ್ಲಿಗೆ ಮುಟ್ಟಿಲ್ಲ. ಆದರೆ ನೆಟ್‌ವರ್ಕಿನದು ತಪ್ಪು ಅಂತ ಯಾವ ಕಂಪನಿ ಒಪ್ಪೀತು? ನಿನ್ನೆ ಆ ಧನರಾಜ್ ಬಂದಿದ್ದ, ಫೋರ್ಟಿನ ಆಫೀಸಿನವನು. ಇಬ್ಬರಲ್ಲಿ ಒಬ್ಬರ ತಪ್ಪು ಇರಲೇಬೇಕು ಅಂದ. ನಾನು ಸಹಿ ಹಾಕಿದೆ."

"ಏನಂತ?"

"ಕರೀದೆ ಗೆರೆ ದಾಟಿದೆ ಅಂತ."

"ಯಾಕ?"

ಗಾಯ್ಕರ್ ಕಿಟಕಿಯ ಕಡೆ ನೋಡಿದ. "ನನಗೆ ನಲವತ್ತಾರು. ಶೇವಂತಿಯ ತಮ್ಮನ ವಡಾಪಾವ್ ಗಾಡಿ ಇದೆ, ಕೂತು ಕರಿಯಬಹುದು. ನಿನಗೆ ಯಾರು ಕೆಲಸ ಕೊಡ್ತಾರೆ? ವೆಲ್ಡಿಂಗಿನಲ್ಲಿ ಕಣ್ಣು ಹೋಗಿದೆ, ಹೆಗಲು ಹೋಗಿದೆ. ಬಾಯಿ ಒಂದು ಉಳಿದಿದೆ, ಅದೂ ಹೊಲಸು."

ಆಗ ಖಂಡಪ್ಪನಿಗೆ ಬಂದ ಸಿಟ್ಟು ಹಿಂದೆ ಯಾವತ್ತೂ ಬಂದಿರಲಿಲ್ಲ. ಎದ್ದು ನಿಂತ. ಯಾರನ್ನ ಕೇಳಿ ಸಹಿ ಹಾಕಿದಿ, ಹರಾಮಖೋರ, ನಿನಗ್ಯಾರು ಹೇಳಿದ್ರು ನನ್ನ ಬದುಕಿಸಂತ, ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಒಟ್ಟಿಗೆ ಕೂಗತೊಡಗಿದ. ಪಕ್ಕದ ಹಾಸಿಗೆಯ ಮುದುಕ ಎದ್ದು ಕೂತ. ನರ್ಸ್ ಒಬ್ಬಳು ಬಂದು, ಇದೇನು ಮೀನಿನ ಬಜಾರ ಅಂದುಕೊಂಡೆಯಾ, ನಡಿ ಹೊರಗೆ ಎಂದು ತೋಳು ಹಿಡಿದಳು. ಥರ್ಮಾಸು ಹಿಡಿದು ಬಾಗಿಲಲ್ಲಿ ನಿಂತಿದ್ದ ಶೇವಂತಿ ಗಂಡನ ಮುಖವನ್ನೂ ಇವನ ಮುಖವನ್ನೂ ನೋಡಿದಳು. ಕಾಲು ಹೋದವನನ್ನು ಹೊಡೆಯಲು ಬಂದವನನ್ನು ನೋಡುವ ನೋಟ ಅದು. ಅವಳಿಗೆ ತಿಳಿಸಿ ಹೇಳಲು ಬೇಕಾಗಿದ್ದದ್ದು ಒಂದೇ ಮಾತು. ಆ ಮಾತು ಕೂಗಿದ ಬಾಯಿಗೆ ಬರಲಿಲ್ಲ. ಬೈಗುಳ ಎಷ್ಟು ಬೇಕಾದರೂ ಬರುತ್ತಿತ್ತು.

ಅಲ್ಲಿಂದ ಫೋರ್ಟಿನವರೆಗಿನ ದಾರಿ ಹೇಗೆ ಕಳೆಯಿತೋ. ಲೋಕಲಿನಲ್ಲಿ ಕೂರಲು ಜಾಗ ಸಿಕ್ಕಿತ್ತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಬಿಸಿಲು ಕಿಟಕಿಯ ಸರಳಿನಿಂದ ಗೆರೆಗೆರೆಯಾಗಿ ಬಂದು ಎಲ್ಲರ ಮುಖದ ಮೇಲೆ ಓಡಿ ಹೋಗುತ್ತಿತ್ತು. ಎಲ್ಲರೂ ನೀರಿನ ತಳದಲ್ಲಿ ಕೂತವರಂತೆ, ಮೇಲಿನಿಂದ ಯಾವುದೋ ತೋಳು ಬಂದು ತಮ್ಮನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಹೋಗಲಿ ಎಂದು ಕಾಯುವವರಂತೆ ಕಂಡರು. ಸಹಿ ಹಾಕಿದರೆ ಮುಗಿಯಿತು. ಬೆಳಿಗ್ಗೆ ಏಳಕ್ಕೆ ಕುರ್ಚಿ, ಕೈಗವಸು, ಎಸಿ. ಗಾಯ್ಕರನೇ ಒಪ್ಪಿಕೊಂಡಿದ್ದಾನೆ. ತಾನೇನು ಸುಳ್ಳು ಹೇಳಬೇಕಾಗಿಲ್ಲ, ಸುಮ್ಮನಿದ್ದರಾಯಿತು. ದೊಡ್ಡ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದರು. ಸುಮ್ಮನಿರುವುದು ಎಷ್ಟು ಹಗುರ. ಕೈಗೆ ಅದರ ಭಾರವೇ ಬರುವುದಿಲ್ಲ.

ಧನರಾಜ್‌ನ ಕೋಣೆ ಕಬ್ಬಿಣದ ಜಾಳಿಗೆಯ ಲಿಫ್ಟಿನ ಪಕ್ಕದಲ್ಲಿತ್ತು. ಉಡುಪಿ ಕಡೆಯವನು, ಮೈಕೈ ತುಂಬಿಕೊಂಡ ಮನುಷ್ಯ. ಕಂಪನಿಯಲ್ಲಿ ಕೆಲಸಗಾರರ ಕಾಗದಪತ್ರವೆಲ್ಲ ಅವನದೇ. ಕೆಳಗಿನ ಹೋಟೆಲಿನಿಂದ ಎರಡು ಕಾಫಿ ತರಿಸಿದ್ದ.

"ಬನ್ನಿ ಖಂಡಪ್ಪನವರೇ, ಕೂತ್ಕೊಳ್ಳಿ. ಎಂತ, ಮುಖ ಇಷ್ಟು ಬಾಡಿದೆ? ಇದು ಐದು ನಿಮಿಷದ ಕೆಲಸ ಮಾರಾಯ್ರೆ." ಇಂಗ್ಲಿಷ್ ಕಾಗದವನ್ನು ಮುಂದಿಟ್ಟು ಬೆರಳಿಟ್ಟು ಕನ್ನಡದಲ್ಲಿ ಓದಿದ. ಗಾಯ್ಕರ್ ಎಂಬವನು ಕರೆಯದೆ, ಅನುಮತಿ ಇಲ್ಲದೆ ಗೆರೆ ದಾಟಿದ. ಕುರ್ಚಿಯಲ್ಲಿದ್ದವನಿಗೆ ಅದು ತಿಳಿಯಲಿಲ್ಲ. ಆದ್ದರಿಂದ ಕಂಪನಿಯ ಹೊಣೆ ಇಲ್ಲ. "ಇಲ್ಲಿ ನಿಮ್ಮದೊಂದು ಸಹಿ. ಅವನದ್ದು ಆಗಿದೆ."

"ಹೊಣೆ ಇಲ್ಲಂದ್ರ?"

"ಇಲ್ಲ ಅಂದ್ರೆ ಇಲ್ಲ. ಅವನಿಗೆ ಕೆಲಸ ಇಲ್ಲ, ಪರಿಹಾರದ ದುಡ್ಡು ಎಂತದ್ದೂ ಇಲ್ಲ. ಅವನಿಗೆ ಗೊತ್ತುಂಟು."

"ಅಂವಾ ಕರದಾನ," ಎಂದ ಖಂಡಪ್ಪ.

"ಹ್ಞಾ?"

"ಕರದಾನ. ನಾ ಹಾಂ ಅಂದೀನಿ. ಆಮ್ಯಾಲ ದಾಟ್ಯಾನ." ಇಷ್ಟು ಬಂದ ಮೇಲೆ ಉಳಿದದ್ದೂ ಬಂತು. ಸಿಟ್ಟಿಲ್ಲದೆ ಮಾತಾಡುವುದು ಅವನಿಗೆ ಗೊತ್ತಿರಲಿಲ್ಲ, ಹಾಗಾಗಿ ಸಿಟ್ಟಿನಿಂದಲೇ, ಧನರಾಜ್‌ನೇ ತಪ್ಪು ಮಾಡಿದವನೆಂಬಂತೆ ಬೆರಳು ತೋರಿಸುತ್ತ ಹೇಳಿದ. ಅಂವಾ ಅಂದದ್ದು ಭಿಡು. ನನಗ ಕೇಳಿದ್ದು ಬಿಡು. ಅಂವಾ ನಿಲ್ಲು ಅಂತಿದ್ದ. ನಾ ಕೈ ಬಿಟ್ಟೆ.

ಧನರಾಜ್ ಮೊದಲು ನಕ್ಕ. ತಡೆಯಲಾಗದೆ ಬಂದ ನಗು. ಕಾಫಿ ಲೋಟ ಕೆಳಗಿಟ್ಟು ಕರ್ಚೀಫಿನಿಂದ ಬಾಯಿ ಒರೆಸಿಕೊಂಡ. "ಭಿಡು, ಬಿಡು. ಎಂತ ಕರ್ಮ." ಆಮೇಲೆ ನಗು ನಿಂತಿತು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದ. "ನೋಡಿ, ಈ ಇಡೀ ಬಿಲ್ಡಿಂಗಿನಲ್ಲಿ ಇದು ಅರ್ಥ ಆಗುವುದು ನನಗೊಬ್ಬನಿಗೆ. ಮೇಲಿನವರಿಗೆ ಹೇಳಿದರೆ ಎರಡೂ ಒಂದೇ ಶಬ್ದ ಅಲ್ವಾ ಅಂತಾರೆ. ಯಂತ್ರಕ್ಕೆ ನೀವು ಮುಷ್ಟಿ ಬಿಚ್ಚಿದ್ದು ಗೊತ್ತು, ಯಾಕೆ ಬಿಚ್ಚಿದ್ದು ಅಂತ ಗೊತ್ತಿಲ್ಲ. ದನಿ ಎಲ್ಲೂ ಉಳಿದಿಲ್ಲ. ನೀವು ಹೇಳದಿದ್ದರೆ ಇದು ಆಗಲೇ ಇಲ್ಲ."

"ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕೂದೇನ್ರಿ?"

"ಎಮ್ಮೆ ತಾನಾಗೇ ಬಂದು ಬೆನ್ನು ಕೊಟ್ಟಿದೆಯಲ್ಲ ಮಾರಾಯ್ರೆ. ನಾನು ಒತ್ತಾಯ ಮಾಡಿದ್ದಲ್ಲ." ಧನರಾಜ್ ಮುಂದೆ ಬಾಗಿದ. ದನಿ ತಗ್ಗಿತು, ಮೃದುವಾಯಿತು, ಮನೆಯವನದಾಯಿತು. "ನಾವು ನಮ್ಮ ಜನ ಅಂತ ಹೇಳ್ತಿದ್ದೇನೆ. ಇದನ್ನು ಬರೆದರೆ ನಾಳೆಯಿಂದ ಕುರ್ಚಿ ಇಲ್ಲ ನಿಮಗೆ. ಈ ವಯಸ್ಸಿಗೆ ಎಲ್ಲಿ ಹೋಗ್ತೀರಿ? ಹೋಗಲಿ, ಬಿಡಿ. ಬಿಟ್ಟುಬಿಡಿ ಅದನ್ನು."

ಮೇಜಿನ ಅಂಚಿನ ಮೇಲಿದ್ದ ಬಲಗೈಯನ್ನು ಖಂಡಪ್ಪ ನೋಡಿದ. ಅದು ಮೇಜಿನ ಹಲಗೆಯನ್ನು ಹಿಡಿದುಕೊಂಡಿತ್ತು. ಗೆಣ್ಣುಗಳು ಬೆಳ್ಳಗಾಗಿದ್ದವು. ಕಾಯ್ದ. ಅದು ಬಿಚ್ಚುತ್ತದೆಯೋ ಎಂದು, ಇನ್ನೊಬ್ಬರ ಕೈಯನ್ನು ನೋಡುವವನಂತೆ ನೋಡುತ್ತ ಕಾಯ್ದ. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಒತ್ತಿ ಹೋಯಿತು. ಲಿಫ್ಟಿನ ಜಾಳಿಗೆ ತೆರೆದುಕೊಂಡಿತು, ಮುಚ್ಚಿಕೊಂಡಿತು.

"ಬಿಡೂದಿಲ್ಲ," ಎಂದ.

"ಹಾಗಲ್ಲ, ನೀವು ಸ್ವಲ್ಪ…"

"ಬಿಡೂದಿಲ್ಲಂದೆ. ಹಾಳಿ ಕೊಡ್ರಿ."

ಧನರಾಜ್ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ಮುಂದಿಟ್ಟ. ಯಾವ ಭಾಷೆಯಲ್ಲಿ ಬರೀತೀರಿ ಎಂದು ಕೇಳಿದ. ನನಗೊಂದ ಬರ್ತದ ಅಂದ ಖಂಡಪ್ಪ. ಕೈಯಲ್ಲಿ ಪೆನ್ನು ಹಿಡಿದು ಎಷ್ಟು ಕಾಲವಾಗಿತ್ತೋ. ಅಕ್ಷರಗಳು ಒಂದರ ಬೆನ್ನಿಗೊಂದು ದೊಡ್ಡದೊಡ್ಡದಾಗಿ, ಸಂತೆಯಿಂದ ಹೊರಟ ಕೋಣಗಳ ಹಾಗೆ ಬಂದವು. ಭಿಡು ಬರೆಯುವಾಗ ನಿಂತ. ಹಳ್ಳಿಯ ಸಾಲೆಯಲ್ಲಿ ಮಾಸ್ತರರು, ನಿಮ್ಮ ಬಾಯಿಗೆ ಮಹಾಪ್ರಾಣ ಬರೋದಿಲ್ಲ, ಬರೆಯೋವಾಗರೆ ಹೊಟ್ಟೆ ಸೀಳ್ರಪ್ಪಾ ಎಂದು ಕೋಲಿನಿಂದ ಪಾಟಿ ಬಡಿಯುತ್ತಿದ್ದರು. ಬ ಬರೆದ. ಅದರ ಕೆಳಗೆ ಒಂದು ಸಣ್ಣ ಗೀಟು ಎಳೆದ. ಇಷ್ಟೇ ಇಷ್ಟು ಗೀಟು. ಅದನ್ನೇ ನೋಡಿದ. ಮತ್ತೊಮ್ಮೆ ಅದರ ಮೇಲೆ ಪೆನ್ನು ಒತ್ತಿ ತಿದ್ದಿದ, ಹಾಳೆ ಹರಿಯುವಷ್ಟು. ಕೆಳಗೆ ಹೆಸರು ಬರೆದ.

ಧನರಾಜ್ ಹಾಳೆಯನ್ನು ಓದಿದ. ಗಾಯ್ಕರನ ಕಾಗದವನ್ನು ಅದರ ಕೆಳಗಿಟ್ಟು ಪಿನ್ನು ಹಾಕಿದ. "ಇದನ್ನು ನಾನೇ ಇಂಗ್ಲಿಷ್ ಮಾಡಿ ಮೇಲೆ ಕಳಿಸ್ತೇನೆ. ಅವನ ಕಾಗದ ಇನ್ನು ನಿಲ್ಲುವುದಿಲ್ಲ," ಎಂದ. "ಕೈಗವಸು ಯಕ್ಷಿತಾನ ಹತ್ರ ಉಂಟಲ್ಲ? ಆಯ್ತು. ನಾಳೆ ಬರೋದು ಬೇಡ." ಎದ್ದು ನಿಂತು, ಮುಟ್ಟದೆ ಉಳಿದಿದ್ದ ಕಾಫಿಯನ್ನು ಖಂಡಪ್ಪನ ಕಡೆ ಸರಿಸಿದ. ಆರಿತ್ತು. ಖಂಡಪ್ಪ ನಿಂತೇ ಕುಡಿದ.

ಹೊರಗೆ ಆಫೀಸುಗಳು ಬಿಡುವ ಹೊತ್ತು. ಫುಟ್‌ಪಾತಿನ ಮೇಲೆ ಜನ ಒಂದೇ ಕಡೆಗೆ ಹರಿಯುತ್ತಿದ್ದರು. ಕಂಬವೊಂದಕ್ಕೆ ಆತು ನಿಂತು, ಫೋನು ತೆಗೆದು ಗಾಯ್ಕರನಿಗೆ ಹಚ್ಚಿದ. ಶೇವಂತಿ ಎತ್ತಿದಳು. ಇವನ ದನಿ ಕೇಳಿ ಗಂಡನ ಕೈಗೆ ಕೊಟ್ಟಳು.

"ಬರೆದು ಕೊಟ್ಟೆ," ಎಂದ ಖಂಡಪ್ಪ ಹಿಂದಿಯಲ್ಲಿ. "ನೀನು ಕರೆದಿದ್ದಿ, ನಾನು ಹಾಂ ಅಂದಿದ್ದೆ ಅಂತ. ನೆಟ್ ಅಲ್ಲ. ನಾನೇ ಬಿಟ್ಟೆ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ನೀನು ನನ್ನನ್ನ ಕರೀತೀಯಲ್ಲ, ಆ ಶಬ್ದ. ನಮ್ಮ ಭಾಷೆಯಲ್ಲಿ ಅದಕ್ಕೆ ಛೋಡ್ ದೇ ಅಂತ ಅರ್ಥ."

ವಾರ್ಡಿನ ಸದ್ದು ಕೇಳುತ್ತಿತ್ತು. ಯಾರೋ ಕೆಮ್ಮಿದರು. ಸ್ಟೀಲಿನ ತಟ್ಟೆಯೊಂದು ಎಲ್ಲೋ ಬಿತ್ತು. ಫೋನು ಕಟ್ಟಾಯಿತೇನೋ ಎಂದು ಖಂಡಪ್ಪ ಕಿವಿಯಿಂದ ತೆಗೆದು ನೋಡಿದ, ಆಗಿರಲಿಲ್ಲ. ತಿರುಗಿ ಕಿವಿಗಿಟ್ಟ.

"ಇಪ್ಪತ್ತೆರಡು ವರ್ಷ," ಎಂದ ಗಾಯ್ಕರ್ ಕಡೆಗೆ. ಉಸಿರಾಡುವುದು ಮಾತ್ರ ಕೇಳಿಸಿತು. ಆಮೇಲೆ, ಬೇರೆ ಯಾವುದೋ ವಿಷಯ ನೆನಪಾದವನಂತೆ, ಒಣ ದನಿಯಲ್ಲಿ ಹೇಳಿದ: "ನಾಳೆ ಬರೋವಾಗ ಬ್ಲೇಡು ತಾ. ಗಡ್ಡ ಕಡೀತಾ ಇದೆ. ಶೇವಂತಿಗೆ ಬರೋದಿಲ್ಲ, ಅವಳ ಕೈ ನಡುಗ್ತದೆ. ಇಲ್ಲಿ ಬಂದು ನೀನು ಮಾಡು."

ಗಾಯ್ಕರ್ ಫೋನು ಇಟ್ಟ. ಖಂಡಪ್ಪ ಎದುರಿನ ಫುಟ್‌ಪಾತಿನ ಅಂಗಡಿಗೆ ದಾಟಿಹೋದ. ಕನ್ನಡಿ, ಬಾಚಣಿಗೆ, ಬ್ರಷ್ಷುಗಳ ನಡುವೆ ಕೂತ ಮುದುಕ ನಾಲ್ಕು ಥರದ ಬ್ಲೇಡಿನ ಪೊಟ್ಟಣಗಳನ್ನು ಮುಂದಿಟ್ಟು, ನಿಮಗೇನಾ ಎಂದು ಕೇಳಿದ. ಅಲ್ಲ, ಇನ್ನೊಬ್ಬರಿಗೆ ಮಾಡಬೇಕು ಎಂದು ಖಂಡಪ್ಪ ಹೇಳಿ, ಒಂದೊಂದನ್ನೇ ಎತ್ತಿ ಅಂಗೈಯಲ್ಲಿಟ್ಟು ತೂಗಿ ನೋಡತೊಡಗಿದ.